ನಕಾಶೆಗೆ ಬರಬೇಕಾದ ಹಾದಿಗಳು: ಬಾದಾಮಿ ಗುಡ್ಡಗಳ ಕಾಲುದಾರಿಗಳನ್ನು ಕುರಿತು



ದತ್ತಿ ಉಪನ್ಯಾಸವನ್ನು ಒಂದು ಹಳೆಯ ದತ್ತಿಯಿಂದಲೇ ಆರಂಭಿಸುತ್ತೇನೆ. ಬಾದಾಮಿಯ ಮೂರನೆಯ ಗುಹೆಯನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿಯ ಸಂಸ್ಕೃತ ಶಾಸನದ ಕಾಲ ಶಕವರ್ಷ 500, ಅಂದರೆ ಕ್ರಿ.ಶ. 578. ಅದೇ ಗುಹೆಯ ಬಳಿ ಕನ್ನಡದಲ್ಲಿ ಒಂದು ಪುಟ್ಟ ಬರಹವೂ ಇದೆ. ಚಾಲುಕ್ಯ ಮಂಗಲೇಶನು ಈ ಕಲ್ಲಿನ ಗುಡಿಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟುಕೊಟ್ಟ, ಅದರಲ್ಲಿ ದೇವರಿಗೆ ಹೂಮಾಲೆ ಕಟ್ಟುವವರಿಗೂ ಒಂದು ಪಾಲು ಇಟ್ಟ ಎಂಬುದು ಅದರ ಸಾರಾಂಶ. ಈ ಲಂಜಿಗೇಸರವೇ ಇಂದಿನ ನಂದಿಕೇಶ್ವರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ನಂದಿಕೇಶ್ವರ ಎಲ್ಲಿದೆ? ಮಹಾಕೂಟದ ಮಗ್ಗುಲಲ್ಲಿ, ಬಾದಾಮಿಯಿಂದ ನೋಡಿದರೆ ಗುಡ್ಡದ ಆಚೆ. ಆ ಊರಿನ ಕಾಳು ಬಂದಿರಲಿ, ಹೂ ಬಂದಿರಲಿ, ಲೆಕ್ಕ ಒಪ್ಪಿಸಲು ಜನ ಬಂದಿರಲಿ, ಗುಹೆಯ ಬಾಗಿಲಿಗೆ ಮುಟ್ಟಬೇಕಾದರೆ ಆ ಗುಡ್ಡವನ್ನು ದಾಟಬೇಕಿತ್ತು, ಇಲ್ಲವೆ ಬಳಸಬೇಕಿತ್ತು. ತಲೆಯ ಮೇಲೆ ಬುಟ್ಟಿ ಹೊತ್ತವರು ಬಳಸುದಾರಿ ಹಿಡಿಯುವುದಿಲ್ಲ. ಗುಡ್ಡವನ್ನೇ ದಾಟುತ್ತಾರೆ.

ಗುಹೆ ಉಳಿದಿದೆ, ಶಾಸನ ಉಳಿದಿದೆ, ನಂದಿಕೇಶ್ವರ ಉಳಿದಿದೆ. ಇವನ್ನು ಕೂಡಿಸಿದ ಹಾದಿಯೂ ಇನ್ನೂ ಇದೆ. ಆದರೆ ಮೊದಲ ಎರಡಕ್ಕೆ ಕಾವಲಿದೆ, ಬೇಲಿ ಇದೆ, ಕಾನೂನು ಇದೆ. ಹಾದಿಗೆ ಏನೂ ಇಲ್ಲ. ನಾನು ಇಂದು ಹೇಳಬೇಕೆಂದು ಬಂದಿರುವುದು ಇಷ್ಟೇ: ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಸಿದ್ದನಕೊಳ್ಳಗಳನ್ನು ನಾವು ಒಂದೊಂದೇ ಗುಡಿ, ಒಂದೊಂದೇ ಟಿಕೆಟ್ಟು ಎಂದು ಕಾಯುತ್ತ ಬಂದಿದ್ದೇವೆ. ಅವುಗಳ ನಡುವಿನ ಕಾಲುದಾರಿಗಳೂ ಅದೇ ಪರಂಪರೆಯ ಭಾಗ. ಗುಡಿಗಳಷ್ಟೇ ಹಳೆಯವು, ಕೆಲವು ಗುಡಿಗಳಿಗಿಂತಲೂ ಹಳೆಯವು. ಅವನ್ನು ಉಳಿಸಿಕೊಳ್ಳುವ ಕೆಲಸ ನಮ್ಮ ಕಾಲದಲ್ಲಿ ಆಗದಿದ್ದರೆ ಮುಂದೆ ಆಗುವುದಿಲ್ಲ.

ಹಾದಿ ಹಳೆಯದು ಎಂದು ಹೇಗೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಕಲ್ಲಿನ ಮೇಲೆ ಹೆಜ್ಜೆಗೆ ತಾರೀಖು ಬರೆದಿರುವುದಿಲ್ಲ, ನಿಜ. ಆದರೆ ಈ ನೆಲದ ಗುಣವನ್ನು ನೋಡಿ. ಎರಿಭೂಮಿಯ ಬಯಲಿನಲ್ಲಿ ಹಾದಿ ಎತ್ತ ಬೇಕಾದರೂ ಸರಿಯುತ್ತದೆ. ಒಂದು ಮಳೆಗಾಲಕ್ಕೆ ಕೆಸರಾದರೆ ಜನ ಹತ್ತು ಮಾರು ಆಚೆ ನಡೆಯುತ್ತಾರೆ, ಮರುವರ್ಷ ಅದೇ ಹಾದಿಯಾಗುತ್ತದೆ. ಬಾದಾಮಿಯ ಗುಡ್ಡಗಳು ಹಾಗಲ್ಲ. ಕಲಾದಗಿ ಶಿಲಾಸ್ತರಗಳೆಂದು ಭೂವಿಜ್ಞಾನಿಗಳು ಕರೆಯುವ ಈ ಮರಳುಗಲ್ಲು ಕೋಟಿ ಕೋಟಿ ವರ್ಷಗಳಷ್ಟು ಹಳೆಯದು. ಮೇಲೆ ಚಪ್ಪಟೆ, ಅಂಚಿನಲ್ಲಿ ಗೋಡೆಯಂತೆ ಕಡಿದು. ಏರಲು, ಇಳಿಯಲು ಬಂಡೆ ಸೀಳಿದ ಕಡೆ ಮಾತ್ರ ಜಾಗ. ಆ ಸೀಳನ್ನೇ ಆಡು ಹುಡುಕುತ್ತದೆ, ಆಡಿನ ಹಿಂದೆ ಕುರುಬ ಹೋಗುತ್ತಾನೆ, ಅರಸ ಕೋಟೆ ಕಟ್ಟುವಾಗ ಅಲ್ಲೇ ಬಾಗಿಲು ಇಡುತ್ತಾನೆ. ಬಾದಾಮಿಯ ಉತ್ತರದ ಕೋಟೆಗೆ ಏರುವ ಹಾದಿಯನ್ನು ನೆನಪಿಸಿಕೊಳ್ಳಿ. ಎರಡು ಬದಿ ಎದ್ದು ನಿಂತ ಕೆಂಪು ಬಂಡೆಗಳ ಸಂದಿಯಲ್ಲಿ ಪಾವಟಿಗೆಗಳು. ವಾತಾಪಿಯ, ಅಂದರೆ ಬಾದಾಮಿಯ, ಗುಡ್ಡವನ್ನು ಒಂದನೆಯ ಪುಲಕೇಶಿ ಕೋಟೆ ಮಾಡಿದ್ದು ಶಕ 465ರಲ್ಲಿ, ಅಂದರೆ 543ರಲ್ಲಿ, ಎಂದು ಅಲ್ಲಿಯ ಬಂಡೆಯ ಶಾಸನವೇ ಹೇಳುತ್ತದೆ. ಅವನ ಕಾವಲುಗಾರರು ಬೇರೆ ಕಡೆಯಿಂದ ಏರಿರಲು ಸಾಧ್ಯವೇ ಇಲ್ಲ. ಬಂಡೆಯೇ ಹಾದಿಯನ್ನು ಗೊತ್ತುಮಾಡಿದ ನಾಡು ಇದು. ಆದ್ದರಿಂದ ಇವತ್ತಿನ ಹಾದಿಯೇ ಅಂದಿನ ಹಾದಿ ಎಂದು ಇಲ್ಲಿ ಧೈರ್ಯದಿಂದ ಹೇಳಬಹುದು.

ಇನ್ನೂ ಹಿಂದಕ್ಕೆ ಹೋಗೋಣ. ಬಾದಾಮಿಯಿಂದ ಮೂರು ನಾಲ್ಕು ಕಿಲೋಮೀಟರು ಕುರುಚಲು ಕಾಡಿನಲ್ಲಿ ನಡೆದರೆ ಸಿಡಿಲಪಡಿ ಸಿಗುತ್ತದೆ. ದೊಡ್ಡ ಬಂಡೆಯೊಂದು ಕಮಾನಿನಂತೆ ಬಾಗಿ ನಿಂತಿದೆ, ಮೇಲೆ ಬೆಳಕಿಂಡಿಯಂಥ ತೂತುಗಳು. ಸಿಡಿಲು ಬಡಿದು ಆದದ್ದು ಎಂದು ಸುತ್ತಲಿನ ಜನ ಹೇಳುತ್ತಾರೆ. ಅದರ ನೆರಳಿನಲ್ಲಿ ಕೆಮ್ಮಣ್ಣಿನಲ್ಲಿ ಬರೆದ ಪ್ರಾಗಿತಿಹಾಸದ ಚಿತ್ರಗಳಿವೆ. ಪ್ರಾಣಿಗಳಿವೆ, ಮನುಷ್ಯರಿದ್ದಾರೆ, ಏನೆಂದು ಗೊತ್ತಾಗದ ಗೆರೆಗಳಿವೆ. ಅಲ್ಲಿಗೆ ಇವತ್ತಿಗೂ ಡಾಂಬರು ರಸ್ತೆ ಇಲ್ಲ, ನಡೆದೇ ಹೋಗಬೇಕು. ಹಾಗೇ ಇರಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮಲಪ್ರಭೆಯ ದಂಡೆಯಲ್ಲಿ ಶಿಲಾಯುಗದ ಕಲ್ಲಿನ ಆಯುಧಗಳನ್ನು ಮೊದಲು ಗುರುತಿಸಿದವರಲ್ಲಿ ರಾಬರ್ಟ್ ಬ್ರೂಸ್ ಫುಟ್ ಒಬ್ಬರು. ಭೂವಿಜ್ಞಾನದ ಸರ್ವೇಕ್ಷಣೆಗೆ ಬಂದವರು ಈ ಸೀಮೆಯನ್ನು ಹಳ್ಳ ಕೊಳ್ಳ ಹಿಡಿದು ನಡೆದು ನೋಡಿ, 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಮೇಲೆ ಗ್ರಂಥ ಪ್ರಕಟಿಸಿದರು. ಆಮೇಲೆ ಆರ್. ವಿ. ಜೋಶಿ ಅವರು ಮಲಪ್ರಭೆಯ ಕೊಳ್ಳವನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಅ. ಸುಂದರ ಅವರು ಐಹೊಳೆಯ ಮೇಗುತಿ ಗುಡ್ಡದ ಶಿಲಾಸಮಾಧಿಗಳನ್ನು ಕುರಿತು ಬರೆದರು. ನಮ್ಮ ನಾಡಿನ ಇತಿಹಾಸ ತಿಳಿದದ್ದೇ ನಡೆದವರಿಂದ. ಕಾರಿನ ಕಿಟಕಿಯಿಂದ ನೋಡಿದವರಿಗೆ ಈ ಕಲ್ಲುಗಳು ಕಾಣುತ್ತಿರಲಿಲ್ಲ.

ಇನ್ನು ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ಹಾದಿಯ ಮಾತು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಕ್ಷಮಿಸಬೇಕು. ಈ ಜಿಲ್ಲೆಯಲ್ಲಿ ಒಂದೇ ಒಂದು ಕಾಲುದಾರಿಯನ್ನು ಉಳಿಸಿಕೊಳ್ಳಲು ಸಾಧ್ಯ ಎಂದಾದರೆ ನಾನು ಇದನ್ನೇ ಆರಿಸುತ್ತೇನೆ. ರಸ್ತೆಯಲ್ಲಿ ಹೋದರೆ ಗುಡ್ಡವನ್ನು ಬಳಸಿ ಹತ್ತು ಕಿಲೋಮೀಟರಿಗೂ ಹೆಚ್ಚು. ಗುಡ್ಡ ಹತ್ತಿ ಇಳಿದರೆ ಐದರ ಆಸುಪಾಸು. ಅಗಸ್ತ್ಯತೀರ್ಥದ ದಂಡೆ ಬಿಟ್ಟು ಮೇಲೇರಿದಂತೆ ಊರಿನ ಸದ್ದು ಕೆಳಗೇ ಉಳಿಯುತ್ತದೆ. ಮೇಲೆ ಹಾಸುಬಂಡೆ, ಬಂಡೆಯ ತಗ್ಗಿನಲ್ಲಿ ಮಳೆನೀರಿನ ದೊಣೆ, ದೊಣೆಯ ಸುತ್ತ ಹುಲ್ಲು. ಕವಳಿ, ಕಾರಿ, ಬಾರಿ, ಕಳ್ಳಿ, ಅಲ್ಲಲ್ಲಿ ಮುತ್ತಲ. ಯಾತ್ರಿಕರಿಗಾಗಿ ಕಲ್ಲು ಹಾಸಿದ ಕಡೆಗಳು ಇನ್ನೂ ಉಳಿದಿವೆ. ಇಳಿದು ಮುಗಿಸುವ ಹೊತ್ತಿಗೆ ಮರಗಳ ದಟ್ಟ ನೆರಳು, ಬತ್ತದ ಬುಗ್ಗೆಯಿಂದ ತುಂಬಿದ ವಿಷ್ಣುಪುಷ್ಕರಿಣಿ, ಅದರ ನೀರಿನ ಒಳಗಿನ ಮಂಟಪದಲ್ಲಿ ಪಂಚಮುಖ ಲಿಂಗ. ಮಹಾಕೂಟದ ಹಳೆಯ ಬಾಗಿಲಿನ ಎರಡೂ ಬದಿಗೆ ಎಲುಬಿನ ಹಂದರದಂಥ ಮೈಯ ಕಾಲ ಮತ್ತು ಕಾಳಿ ನಿಂತಿದ್ದಾರೆ. ದಣಿದು, ಬೆವೆತು, ನೀರಡಿಸಿ ಬಂದವರ ಎದುರಿಗೆ ಆ ವಿಗ್ರಹಗಳನ್ನು ಇಟ್ಟ ಶಿಲ್ಪಿಯ ವಿಚಾರ ದೊಡ್ಡದು. ಮೊದಲು ದೇಹದ ಕೊನೆಯನ್ನು ನೋಡು, ಆಮೇಲೆ ನೀರಿಗೆ ಇಳಿ. ಬಸ್ಸಿನಿಂದ ಇಳಿದು ಹತ್ತು ಹೆಜ್ಜೆ ಇಟ್ಟವರಿಗೂ ಆ ವಿಗ್ರಹಗಳು ಕಾಣುತ್ತವೆ, ಆದರೆ ಗುಡ್ಡ ದಾಟಿ ಬಂದವರಿಗೆ ತಟ್ಟಿದಂತೆ ತಟ್ಟುವುದಿಲ್ಲ.

ಅಲ್ಲಿ ನಿಂತಿದ್ದ ಕಂಬದ ಶಾಸನ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. 602ರ ಸುಮಾರಿನದು, ಮಂಗಲೇಶನ ಕಾಲದ್ದು. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಮಕುಟೇಶ್ವರನಾಥನಿಗೆ ಹತ್ತು ಊರುಗಳ ದತ್ತಿಯನ್ನು ಅನುಮೋದಿಸಿದಳು ಎಂದು ಅದು ಹೇಳುತ್ತದೆ. ಅವುಗಳಲ್ಲಿ ಕಿಸುವೊಳಲೂ ಒಂದು, ಅಂದರೆ ಇಂದಿನ ಪಟ್ಟದಕಲ್ಲು. ಹೊಳೆಯ ದಂಡೆಯ ಪಟ್ಟದಕಲ್ಲಿಗೂ ಗುಡ್ಡದ ಬುಡದ ಮಹಾಕೂಟಕ್ಕೂ ಗುಡ್ಡದ ಸಂದಿಯ ವಾತಾಪಿಗೂ ಕೊಡುಕೊಳ್ಳುವ ಸಂಬಂಧ ಇತ್ತು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ. ಇನ್ನೊಂದು ಸಂಗತಿ. ತಟ್ಟುಕೋಟೆಯ ಬಳಿ ಕಡಿದಾದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 700ರದು. ಕನ್ನಡ ತ್ರಿಪದಿಯ ಅತ್ಯಂತ ಹಳೆಯ ಮಾದರಿ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದು. ಅದನ್ನು ಅರಮನೆಯ ಗೋಡೆಗೆ ಬರೆಸಲಿಲ್ಲ, ಊರ ನಡುವಿನ ಗುಡಿಗೂ ಬರೆಸಲಿಲ್ಲ. ಊರ ಅಂಚಿನ ಬಂಡೆಗೆ ಬರೆಸಿದರು. ಅಲ್ಲಿ ಓಡಾಡುವ ಜನ ಇದ್ದರು, ನಿಂತು ಓದುತ್ತಿದ್ದರು, ಓದಲು ಬಾರದವರಿಗೆ ಓದಿ ಹೇಳುತ್ತಿದ್ದರು ಎಂದೇ ನಾನು ತಿಳಿಯುತ್ತೇನೆ.

ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ಗುಡಿಗಳ ಕಲ್ಲು ಎಲ್ಲಿಂದ ಬಂತು ಎಂಬುದನ್ನು ಅಲ್ಲಿಗೆ ಬರುವವರಲ್ಲಿ ಎಷ್ಟು ಜನ ಕೇಳುತ್ತಾರೆ? ಸಮೀಪದ ಗುಡ್ಡಗಳಲ್ಲಿ ಚಾಲುಕ್ಯರ ಕಾಲದ ಕಲ್ಲುಗಣಿಗಳಿವೆ. ಬಂಡೆ ಸೀಳಲು ಹೊಡೆದ ತೂತುಗಳ ಸಾಲು ಇದೆ, ಕಲ್ಲುಕುಟಿಗರ ಗುರುತುಗಳಿವೆ, ಅವರ ಹೆಸರುಗಳಿವೆ. ಗುಡಿಯಲ್ಲಿ ಅರಸನ ಹೆಸರು, ರಾಣಿಯ ಹೆಸರು, ಹೆಸರಾಂತ ಸೂತ್ರಧಾರಿಯ ಹೆಸರು. ಗಣಿಯಲ್ಲಿ ದುಡಿದವರ ಹೆಸರು. ಎರಡರ ನಡುವೆ ಬಂಡೆ ಎಳೆದ ದಾರಿ. ಈ ದಾರಿಯನ್ನು ಶಾಲೆಯ ಮಕ್ಕಳಿಗೆ ನಡೆಸಿ ತೋರಿಸಿದರೆ ವಿರೂಪಾಕ್ಷ ಗುಡಿಯ ಬಗ್ಗೆ ಹತ್ತು ಪಾಠ ಮಾಡಿದ ಹಾಗೆ. ಐಹೊಳೆಯ ಮಾತೂ ಹೀಗೆಯೇ. ಮೇಗುತಿಯ ಗೋಡೆಯ ಮೇಲೆ ರವಿಕೀರ್ತಿಯ 634ರ ಪ್ರಶಸ್ತಿ ಇದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ಇದೇ ಊರಿನ ಹೆಸರು ಹೊತ್ತು ದಕ್ಷಿಣ ಭಾರತದ ಉದ್ದಗಲಕ್ಕೂ ಸಿಂಹಳಕ್ಕೂ ಹೋಯಿತು. ತಲೆಹೊರೆ, ಕತ್ತೆ, ಕೋಣಗಳ ಮೇಲೆ ಸರಕು ಸಾಗಿಸಿದವರು ಅವರು. ಹಾದಿಯಿಂದ ಬದುಕಿದವರ ಊರದು.

ಈ ಹಾದಿಗಳು ಇತಿಹಾಸಕ್ಕೆ ಮಾತ್ರ ಸೇರಿದವಲ್ಲ. ಬನಶಂಕರಿಯ ಗುಡಿಯ ಎದುರು ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಮೊಸರು, ಕೆಂಪು ಚಟ್ನಿ, ಪಲ್ಯ ಬಡಿಸುವ ತಾಯಂದಿರ ಊಟ ಉಣ್ಣದವರು ಈ ಸಭೆಯಲ್ಲಿ ಇರಲಾರರು. ಸುತ್ತಲಿನ ಹಳ್ಳಿಗಳಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಹೊಲದ ಬದುವಿನ ಮೇಲೆ ನಡೆದು ಬಂದವರು ಅವರು. ಈಗ ಕೆಲವರು ಟಂಟಂನಲ್ಲಿ ಬರುತ್ತಾರೆ. ಬನದ ಹುಣ್ಣಿಮೆಯ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಬರುವವರು, ನಡೆದು ಬರುವವರು ಇನ್ನೂ ಇದ್ದಾರೆ. ಸೀತಾಫಲದ ಕಾಲದಲ್ಲಿ ಗುಳೇದಗುಡ್ಡ, ಬಾದಾಮಿಯ ಗುಡ್ಡಗಳಿಂದ ಹಣ್ಣಿನ ಬುಟ್ಟಿ ಇಳಿಸುವ ಹೆಣ್ಣುಮಕ್ಕಳಿಗೆ ಗೊತ್ತಿರುವಷ್ಟು ಒಳದಾರಿಗಳು ಯಾವ ಪ್ರವಾಸಿ ಮಾರ್ಗದರ್ಶಿಗೂ ಗೊತ್ತಿಲ್ಲ. ಕುರಿ ಕಾಯುವವರಿಗೆ ಪ್ರತಿ ದೊಣೆಯ ನೀರು ಯಾವ ತಿಂಗಳವರೆಗೆ ಇರುತ್ತದೆಂದು ಗೊತ್ತು. ಈ ತಿಳಿವಳಿಕೆಯನ್ನು ನಾವು ಎಲ್ಲೂ ಬರೆದಿಟ್ಟಿಲ್ಲ. ಅವರ ಮಕ್ಕಳು ಬೆಂಗಳೂರಿಗೆ, ಗೋವೆಗೆ, ಮಂಗಳೂರಿಗೆ ದುಡಿಯಲು ಹೋದ ಮೇಲೆ ಕೇಳಿದರೆ ಹೇಳುವವರು ಇರುವುದಿಲ್ಲ.

ಇಳಕಲ್ಲಿನ ಕಡೆಯವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಇಳಕಲ್ಲಿನ ಸೀರೆಗೆ ಗುಳೇದಗುಡ್ಡದ ಖಣ ಜೊತೆ. ಒಂದು ಊರಿನ ಸೀರೆಯೂ ಇನ್ನೊಂದು ಊರಿನ ಖಣವೂ ಒಬ್ಬಳೇ ಹೆಣ್ಣುಮಗಳ ಮೈಮೇಲೆ ಕೂಡಬೇಕಾದರೆ ಗಂಟು ಹೊತ್ತು ಸಂತೆಯಿಂದ ಸಂತೆಗೆ ನಡೆದವರು ಇದ್ದಿರಲೇಬೇಕು. ಐಹೊಳೆಗೂ ಇಳಕಲ್ಲಿಗೂ ನಡುವೆ ಸಿದ್ದನಕೊಳ್ಳ ಇದೆ. ಚಾಚಿದ ಬಂಡೆಯ ಕೆಳಗೆ ಸಿದ್ಧೇಶ್ವರ, ಹಳ್ಳದ ಮಗ್ಗುಲಲ್ಲಿ ಲಜ್ಜಾಗೌರಿ, ಬಂದವರಿಗೆಲ್ಲ ದಾಸೋಹ. ಕೊಳ್ಳದ ನಡುವೆ, ಊರಿನಿಂದ ದೂರ, ದಾಸೋಹ ಏಕೆ ಎಂದು ಯೋಚಿಸಿ. ಹಾದಿಯಲ್ಲಿ ಹೋಗುವವರು ಹಸಿದಿರುತ್ತಾರೆ ಎಂಬುದೇ ಉತ್ತರ.

ನಡೆಯುವ ಪರಂಪರೆ ಸತ್ತೇಹೋಯಿತು ಎನ್ನುವವರಿಗೆ ಯುಗಾದಿಗೆ ಮುಂಚಿನ ದಿನಗಳಲ್ಲಿ ಹುನಗುಂದ, ಇಳಕಲ್ಲಿನ ರಸ್ತೆಯ ಮೇಲೆ ನಿಂತು ನೋಡಿ ಎನ್ನುತ್ತೇನೆ. ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಹಳ್ಳಿಗಳಿಂದ ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡವರು, ಮುದುಕಿಯರು, ಹುಡುಗರು ಶ್ರೀಶೈಲಕ್ಕೆ ನಡೆಯುತ್ತಾರೆ. ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಮಗಳ ಮನೆಗೆ ಹೊರಟವರಿಗೆ ಬಿಸಿಲು ಲೆಕ್ಕವಲ್ಲ. ಕೊನೆಯಲ್ಲಿ ಆಂಧ್ರದ ನಲ್ಲಮಲ ಕಾಡನ್ನು ನಾಗಲೂಟಿ, ಭೀಮನ ಕೊಳ, ಕೈಲಾಸದ್ವಾರದ ಹಳೆಯ ಕಾಲುದಾರಿಯಲ್ಲೇ ದಾಟುತ್ತಾರೆ. ಕಾಡಿನ ಒಳಗಿನ ಆ ಹಾದಿ, ಹುಲಿ ಇರುವ ಆ ಹಾದಿ, ಇಂದಿಗೂ ಏಕೆ ಮುಚ್ಚಿಲ್ಲ? ಪ್ರತಿವರ್ಷ ಜನ ನಡೆಯುತ್ತಾರೆ, ಅದಕ್ಕೆ. ದಾರಿಯುದ್ದಕ್ಕೂ ಮಜ್ಜಿಗೆ ಕೊಡುವವರು, ರೊಟ್ಟಿ ಬುತ್ತಿ ಕಟ್ಟುವವರು, ಬೊಕ್ಕೆ ಎದ್ದ ಪಾದಕ್ಕೆ ಎಣ್ಣೆ ಹಚ್ಚುವವರು ಇದ್ದಾರೆ, ಅದಕ್ಕೆ. ಆದರೆ ನಮ್ಮ ಕಡೆಯ ಭಾಗದಲ್ಲಿ ಈ ಯಾತ್ರಿಕರು ಈಗ ಲಾರಿಗಳ ಪಕ್ಕದಲ್ಲಿ, ಹೆದ್ದಾರಿಯ ಅಂಚಿನ ಬಿಳಿ ಪಟ್ಟಿಯ ಮೇಲೆ, ರಾತ್ರಿ ಹೊತ್ತು ನಡೆಯುತ್ತಿದ್ದಾರೆ. ಹೊಲಗಳ ನಡುವಿನ ಹಳೆಯ ದಾರಿಗಳು ಮುಚ್ಚಿದ್ದರಿಂದ ಹೆದ್ದಾರಿಯೇ ಗತಿ. ಇದು ನಮಗೆ ಶೋಭೆ ತರುವ ಸಂಗತಿಯಲ್ಲ.

ಹಾದಿಗಳು ಹೇಗೆ ಮುಚ್ಚುತ್ತವೆ? ಒಂದೇ ಕಾರಣವಿಲ್ಲ. ಕೆಲವನ್ನು ನೀರು ನುಂಗಿತು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನೇ ಮುಳುಗಿಸಿ ಜನರನ್ನು ನವನಗರಕ್ಕೆ ಕಳಿಸಿದ ಮೇಲೆ ಹೊಲದ ಹಾದಿಗಳ ಮಾತು ಕೇಳುವವರು ಯಾರು? ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರು ಏರಿ, ಬಸವಣ್ಣನವರ ಐಕ್ಯಮಂಟಪವನ್ನು ಬಾವಿಯಂಥ ಗೋಡೆ ಕಟ್ಟಿ ಉಳಿಸಿಕೊಳ್ಳಬೇಕಾಯಿತು. 2009ರ ನೆರೆಯ ನಂತರ ಮಲಪ್ರಭೆಯ ದಂಡೆಯ ಎಷ್ಟೋ ಕುಟುಂಬಗಳಿಗೆ ಆಸರೆ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಮನೆ ಕೊಟ್ಟರು. ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ, ನಡುವೆ ಹೊಸದಾಗಿ ಹಾದಿ ಹುಡುಕಿಕೊಳ್ಳಬೇಕಾಯಿತು. 2019ರಲ್ಲಿ ಮತ್ತೆ ನೆರೆ ಬಂದು ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೇ ನೀರು ನಿಂತಿತು. ಇಳಕಲ್ಲು ಸೀಮೆಯಲ್ಲಿ ಕೆಂಪು ಗ್ರಾನೈಟ್ ತೆಗೆದ ಕಡೆ ಗುಡ್ಡವೇ ಇಲ್ಲ, ಗುಡ್ಡ ಇಲ್ಲವೆಂದ ಮೇಲೆ ಹಾದಿ ಎಲ್ಲಿಯದು?

ಹೆಚ್ಚಿನ ಹಾದಿಗಳು ಇಷ್ಟು ದೊಡ್ಡ ಕಾರಣಕ್ಕೆ ಹೋದವಲ್ಲ. ಟ್ರ್ಯಾಕ್ಟರು ಬಂತು, ಬದು ಒಡೆದು ಹೊಲ ಅಗಲ ಮಾಡಿದರು. ಕೊಳವೆಬಾವಿ ಬಂತು, ಕಬ್ಬು ಹಚ್ಚಿದರು, ತಂತಿಬೇಲಿ ಹಾಕಿದರು. ಅಣ್ಣತಮ್ಮಂದಿರು ಪಾಲಾದರು, ಒಬ್ಬನ ಪಾಲಿನಲ್ಲಿ ದಾರಿ ಬಂತು, ಅವನಿಗೆ ಅದು ನಷ್ಟ ಅನಿಸಿತು. ರೈತನನ್ನು ಇದಕ್ಕಾಗಿ ದೂರಲು ನಾನು ಸಿದ್ಧನಿಲ್ಲ. ಎರಡು ಎಕರೆಯವನಿಗೆ ಎರಡು ಮೊಳ ಅಗಲದ ಪಟ್ಟಿಯೂ ದೊಡ್ಡದೇ. ದಾರಿ ಎಂದು ಒಪ್ಪಿಕೊಂಡರೆ ನಾಳೆ ಅದು ರಸ್ತೆಯಾಗಿ, ರಸ್ತೆ ಅಗಲವಾಗಿ ಹೊಲವೇ ಹೋದೀತು ಎಂಬ ಅವನ ಭಯ ಸುಳ್ಳಲ್ಲ. ಆದ್ದರಿಂದಲೇ ಕಾಲುದಾರಿಯನ್ನು ಕಾಲುದಾರಿಯಾಗಿಯೇ, ಅಷ್ಟೇ ಅಗಲಕ್ಕೆ ದಾಖಲಿಸಬೇಕು ಎನ್ನುತ್ತೇನೆ. ಅಗಲವನ್ನು ಬರೆದಿಟ್ಟರೆ ನಡೆಯುವವನಿಗೂ ರಕ್ಷಣೆ, ಹೊಲದವನಿಗೂ ರಕ್ಷಣೆ.

ಕಾನೂನು ಏನೂ ಇಲ್ಲವೆಂದಲ್ಲ. ಗ್ರಾಮ ನಕಾಶೆಯನ್ನು ಬಿಡಿಸಿ ನೋಡಿ. ಒಂಟಿ ಚುಕ್ಕೆಗಳ ಸಾಲು ಇದ್ದರೆ ಕಾಲುದಾರಿ, ಜೋಡಿ ಸಾಲು ಇದ್ದರೆ ಬಂಡಿದಾರಿ. ನಕಾಶೆ ಕಂಡ ದಾರಿ ಎಂದು ನಮ್ಮ ರೈತರು ಹೇಳುವುದು ಇದನ್ನೇ. ಅದನ್ನು ಮುಚ್ಚುವ ಹಕ್ಕು ಯಾರಿಗೂ ಇಲ್ಲ. ನಕಾಶೆಯಲ್ಲಿ ಇಲ್ಲದ, ಆದರೆ ತಲೆಮಾರುಗಳಿಂದ ನಡೆದುಬಂದ ದಾರಿಗೆ 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಆಸರೆ ಇದೆ. ಅಡ್ಡಿಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದು 20 ವರ್ಷ ನಡೆದಿದ್ದರೆ ಆ ಹಕ್ಕನ್ನು ಕೋರ್ಟು ಮಾನ್ಯ ಮಾಡುತ್ತದೆ. ನಮ್ಮ ಸೀಮೆ ಆಗ ಸೇರಿದ್ದ ಮುಂಬೈ ಪ್ರಾಂತಕ್ಕೆ ಈ ಕಾಯ್ದೆ 1891ರಲ್ಲಿ ಬಂತು. 2023ರಲ್ಲಿ ಕಂದಾಯ ಇಲಾಖೆಯೇ, ಹೊಲಕ್ಕೆ ಹೋಗುವ ನಕಾಶೆ ಕಂಡ ದಾರಿಗಳಿಗೆ ಅಡ್ಡಿಯಾಗದಂತೆ ನೋಡಿಕೊಳ್ಳಿ ಎಂದು ತಹಶೀಲ್ದಾರರಿಗೆ ಸುತ್ತೋಲೆ ಕಳಿಸಿತು. ಇನ್ನು ಕಾಡಿನ ಗುಡ್ಡಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ದನಕುರಿ ಮೇಯಿಸುವುದನ್ನೂ, ಅಲೆಮಾರಿ ಪಶುಪಾಲಕರು ಋತುಮಾನಕ್ಕೆ ತಕ್ಕಂತೆ ಬಂದುಹೋಗುವುದನ್ನೂ ಅದು ಸಮುದಾಯದ ಹಕ್ಕುಗಳಲ್ಲಿ ಎಣಿಸುತ್ತದೆ. ಕಾಯ್ದೆಗಳು ಇವೆ, ಅವುಗಳ ಮುಂದೆ ಇಡಲು ನಮ್ಮ ಕೈಯಲ್ಲಿ ದಾಖಲೆ ಇಲ್ಲ. ಕೊರತೆ ಇರುವುದು ಅಲ್ಲಿ.

ಬೇರೆಯವರು ಏನು ಮಾಡಿದರು ಎಂದು ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1932ರ ಏಪ್ರಿಲ್ 24ರಂದು ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಕಡೆಯ ನೂರಾರು ಯುವಕರು ಅನುಮತಿ ಇಲ್ಲದೆ ಏರಿದರು. ಆ ಗುಡ್ಡ ಧನಿಕರ ಬೇಟೆಗೆ ಮೀಸಲಾಗಿತ್ತು. ಏರಿದವರಲ್ಲಿ ಗಿರಣಿ, ಕಾರ್ಖಾನೆಗಳಲ್ಲಿ ದುಡಿಯುವವರು ಬಹಳ ಜನ. ಐವರು ಜೈಲಿಗೂ ಹೋದರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವ ಇಳಕಲ್ಲಿನ ನೇಕಾರನಿಗೆ ಅವರ ಹಂಬಲ ಅರ್ಥವಾಗುತ್ತದೆ ಎಂದುಕೊಳ್ಳುತ್ತೇನೆ. 1949ರಲ್ಲಿ ಅಲ್ಲಿಯ ಸಂಸತ್ತು ಕಾಯ್ದೆ ಮಾಡಿ, ಪ್ರತಿ ಜಿಲ್ಲೆಯ ಆಡಳಿತವೂ ತನ್ನ ಕಾಲುದಾರಿಗಳ ಅಧಿಕೃತ ನಕಾಶೆ ತಯಾರಿಸಬೇಕೆಂದು ಹೇಳಿತು. ಆ ನಕಾಶೆಗೆ ಬಂದ ದಾರಿಯನ್ನು ಹೊಲದ ಒಡೆಯ ಮುಚ್ಚುವಂತಿಲ್ಲ. ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೀಗೆ ದಾಖಲಾದ ದಾರಿಗಳ ಉದ್ದ ಎರಡು ಲಕ್ಷ ಕಿಲೋಮೀಟರಿಗೂ ಹೆಚ್ಚು. ಯುನೆಸ್ಕೋ ಸಂಸ್ಥೆ 1993ರಲ್ಲಿ ಸ್ಪೇನಿನ ಯಾತ್ರೆಯ ಹಾದಿಯನ್ನು, 2004ರಲ್ಲಿ ಜಪಾನಿನ ಕೀ ಪರ್ವತಗಳ ಗುಡಿಗಳನ್ನೂ ಅವುಗಳ ಯಾತ್ರಾ ಹಾದಿಗಳನ್ನೂ ಕೂಡಿಸಿ ವಿಶ್ವಪರಂಪರೆ ಎಂದು ಒಪ್ಪಿತು. ಗುಡಿಯ ಜೊತೆಗೆ ಹಾದಿಯೂ ಪರಂಪರೆ ಎಂಬುದು ಜಗತ್ತು ಒಪ್ಪಿದ ವಿಚಾರ. ಪಟ್ಟದಕಲ್ಲಿನ ಮಟ್ಟಿಗೆ ನಾವೇ ಅದನ್ನು ಕೇಳಿಲ್ಲ.

ಕೇಳುವಾಗ ಎಚ್ಚರವೂ ಬೇಕು. ಹಾದಿ ಉಳಿಸುತ್ತೇವೆಂದು ಕಾಂಕ್ರೀಟು ಸುರಿದು, ಇಂಟರ್‌ಲಾಕ್ ಇಟ್ಟಿಗೆ ಹಾಸಿ, ಎರಡು ಬದಿ ಸ್ಟೀಲ್ ಕಂಬಿ ನೆಟ್ಟು, ದೀಪ ಹಾಕಿದರೆ ಅದು ಉದ್ಯಾನದ ದಾರಿಯಾಗುತ್ತದೆ. ಮಹಾಕೂಟದ ಹಾದಿಗೆ ಬೇಕಾದದ್ದು ಬಹಳ ಕಡಿಮೆ. ಜಾರಿದ ಹಳೆಯ ಹಾಸುಗಲ್ಲನ್ನು ಅದೇ ಜಾಗದಲ್ಲಿ ಕೂಡಿಸುವುದು, ಹಾದಿ ಕವಲೊಡೆಯುವಲ್ಲಿ ಕನ್ನಡದಲ್ಲಿ ಒಂದು ಕಲ್ಲು ನೆಡುವುದು, ಬಳ್ಳಾರಿ ಜಾಲಿ ಮುಚ್ಚಿದಲ್ಲಿ ವರ್ಷಕ್ಕೊಮ್ಮೆ ಸವರುವುದು. ಉದ್ಯೋಗ ಖಾತ್ರಿಯಲ್ಲಿ ಹೊಲದ ದಾರಿಗಳ ಕೆಲಸ ಎಷ್ಟೋ ಊರುಗಳಲ್ಲಿ ಆಗಿದೆ. ಇಂಥ ಕೆಲಸವನ್ನೂ ಅದೇ ಊರಿನ ಕೈಗಳು ಮಾಡಬಲ್ಲವು. ಪ್ರವಾಸಿಗಳಿಗೆ ಹಾದಿ ತೋರಿಸುವ ಕೆಲಸ ಊರಿನ ಕುರಿಗಾಹಿಯದಾಗಲಿ, ಸೀತಾಫಲ ತರುವ ತಾಯಿಯದಾಗಲಿ, ಕೂಲಿ ಅವರಿಗೆ ಸಿಗಲಿ. ಮರಳುಗಲ್ಲಿನ ಗೋಡೆ ಏರಲು ದೇಶವಿದೇಶಗಳ ಹುಡುಗ ಹುಡುಗಿಯರು ಹಗ್ಗ ಹಿಡಿದು ಬಾದಾಮಿಗೆ ಬರುತ್ತಿದ್ದಾರೆ. ಬರಲಿ, ಸಂತೋಷ. ಅವರಿಗೆ ಗೋಡೆ ಗೊತ್ತು; ಗೋಡೆಯ ಮೇಲಿನ ಊರುಗಳ ಹಾದಿ ತಿಳಿಸುವವರು ನಾವಾಗಬೇಕು.

ಈ ಸಭೆಯಲ್ಲಿ ಶಿಕ್ಷಕರಿದ್ದೀರಿ, ಪಂಚಾಯತಿ ಸದಸ್ಯರಿದ್ದೀರಿ, ಕಾಲೇಜಿನ ಹುಡುಗರಿದ್ದೀರಿ. ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮೂರಿನ ಗ್ರಾಮ ನಕಾಶೆಯ ಪ್ರತಿಯನ್ನು ಭೂದಾಖಲೆಗಳ ಕಚೇರಿಯಿಂದ ತನ್ನಿ. ಸರ್ಕಾರದ ದಿಶಾಂಕ್ ಆ್ಯಪ್ ಈಗ ಹುಡುಗರ ಮೊಬೈಲಿನಲ್ಲೇ ಇದೆ, ನಿಂತ ಜಾಗದ ಸರ್ವೆ ನಂಬರು ಅದು ತೋರಿಸುತ್ತದೆ. ಊರಿನ ಹಿರಿಯರೊಬ್ಬರನ್ನು, ಆಡು ಕುರಿ ಕಾಯ್ದವರೊಬ್ಬರನ್ನು ಮುಂದೆ ಬಿಟ್ಟುಕೊಂಡು ನಡೆಯಿರಿ. ಬಿಸಿಲು ಏರುವ ಮುಂಚೆ ಹೊರಡಿ, ನೀರು ಒಯ್ಯಿರಿ. ಬೇಸಿಗೆಯಲ್ಲಿ ಈ ಬಂಡೆ ಕಾಯ್ದ ಮೇಲೆ ಗುಡ್ಡದಲ್ಲಿ ಇರಬೇಡಿ. ಯಾವ ದಾರಿ ಎಲ್ಲಿಂದ ಎಲ್ಲಿಗೆ, ಜನ ಅದನ್ನು ಏನೆಂದು ಕರೆಯುತ್ತಾರೆ, ದೊಣೆ ಎಲ್ಲಿದೆ, ಈಗ ಎಲ್ಲಿ ಮುಚ್ಚಿದೆ ಎಂದು ಬರೆದುಕೊಳ್ಳಿ. ಹೊಲದ ಒಡೆಯರ ಜೊತೆ ಕುಳಿತು ಮಾತಾಡಿ, ಅಗಲ ಎಷ್ಟೆಂದು ಅವರ ಎದುರಿಗೇ ಗೊತ್ತುಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಒಂದೇ ಒಂದು ದಾರಿಯನ್ನಾದರೂ ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲು ತಾಲೂಕುಗಳ ಹತ್ತು ಊರುಗಳು ಈ ವರ್ಷ ಇಷ್ಟು ಮಾಡಿದರೂ ಜಿಲ್ಲಾಡಳಿತದ ಮುಂದೆ ಇಡಲು ನಮ್ಮ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಗೆ ನಿಮ್ಮೂರಿನ ದಾರಿಯನ್ನು ಸೇರಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.